ತಹಶೀಲ್ದಾರರ ಸೀಮೆ ಇಲಿಗಳು

ಬಟ್ಟೆ ಈ ಹೊತ್ತಿಗೆ ಒಣಗಿಹೋಗಿರುತ್ತದೆ ಎಂದು ಸೂರಪ್ಪನಿಗೆ ಅನ್ನಿಸಿದ್ದು ಒಂದು ಇಂಗ್ಲಿಷ್ ವಾಕ್ಯದ ನಟ್ಟನಡುವೆ. ರಾಯದುರ್ಗದ ತಾಲ್ಲೂಕು ಕಚೇರಿಯಲ್ಲಿ, ಬೆನ್ನಿಗೆ ಕಾದ ಗೋಡೆ, ಮುಂದೆ ಯಾರೋ ಕೆರೆಯಂಗಳ ಒತ್ತಿ ಉತ್ತಿದ್ದರ ಕಡತ; ‘ಸದರಿ ರೈತನು’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಅದಕ್ಕೊಂದು ಗಂಭೀರವಾದ ಕ್ರಿಯಾಪದ ಹುಡುಕುತ್ತಿದ್ದಾಗ ಆ ಬಟ್ಟೆ ಬಂದು ಅಡ್ಡ ನಿಂತಿತು. ಮನೆಯಲ್ಲಿ ನೀರಿನ ಹರವಿಗಳ ಪಕ್ಕ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ತನ್ನ ಹಳೆಯ ಧೋತರದ ಒದ್ದೆ ತುಂಡು, ಅದರ ಕೆಳಗೆ ಮೂಗು ಅಲುಗಿಸುತ್ತ ಕೂತ ತಹಶೀಲ್ದಾರರ ಎರಡು ಸೀಮೆ ಇಲಿಗಳು. ಬೆಳಿಗ್ಗೆ ಹೊರಡುವಾಗ ಅದ್ದಿ ಹಿಂಡಿ ಹೊದಿಸಿ ಬಂದಿದ್ದ. ಈ ಬಿಸಿಲಿಗೆ ಅದು ಎಷ್ಟು ಹೊತ್ತಿನ ಮಾತು? ರಾಯದುರ್ಗದ ಬಿಸಿಲು ಸೂರ್ಯನಿಂದ ಮಾತ್ರ ಬರುವುದಲ್ಲ. ಊರಿನ ತಲೆಯ ಮೇಲೆ ಕೂತ ಆ ಬಂಡೆಯ ಬೆಟ್ಟ ಹಗಲೆಲ್ಲ ಕುಡಿದದ್ದನ್ನು ಮತ್ತೆ ಊರಿನ ಮೇಲೆಯೇ ಕಕ್ಕುತ್ತದೆ. ಅಂಥದ್ದರಲ್ಲಿ ಆ ಎರಡು ಉಂಡೆಗಳು, ಬಾಲವನ್ನು ಮಾಡಲು ದೇವರಿಗೆ ಬೇಸರ ಬಂದು ಅರ್ಧಕ್ಕೆ ಬಿಟ್ಟಂಥ ಆ ಪ್ರಾಣಿಗಳು, ಬದುಕಿ ಉಳಿಯಬೇಕು. ಅವು ಉಳಿದರೆ ತಾನು ಉಳಿದಂತೆ. ಈ ಮಾತನ್ನು ತನಗೆ ತಾನೇ ಹೇಳಿಕೊಂಡು ಸೂರಪ್ಪ ಮೂಗಿನಲ್ಲೇ ಒಂದು ಸಲ ನಕ್ಕ. ಮೆಟ್ರಿಕ್ ಪಾಸು ಮಾಡಿದವನ ಯೋಗ್ಯತೆ ಒಂದು ಒದ್ದೆ ಧೋತರದ ಮೇಲೆ ನಿಂತಿತ್ತು.

ತಹಶೀಲ್ದಾರರು ಮದ್ರಾಸಿನ ಮೂರ್ ಮಾರ್ಕೆಟ್ಟಿನಲ್ಲಿ ಮಗಳಿಗೆಂದು ಅವನ್ನು ಕೊಂಡು ತಂದಿದ್ದರು. ಬಳ್ಳಾರಿಯ ಯಾವುದೋ ಬಿಳಿಯ ದೊರೆಯ ಬಂಗಲೆಯಲ್ಲಿ ಅಂಥವು ಇದ್ದವಂತೆ. ದೊರೆಯ ಮನೆಯಲ್ಲಿ ಇದ್ದದ್ದು ತಮ್ಮ ಮನೆಯಲ್ಲೂ ಇದೆ ಎಂದು ಬಂದವರಿಗೆಲ್ಲ ಪಂಜರ ತೋರಿಸುವುದು, ಬಂದವರು ‘ಅಬ್ಬಬ್ಬಾ’ ಎನ್ನುವುದು, ಇಷ್ಟೇ ಅವುಗಳ ಉಪಯೋಗ. ಬೇಸಿಗೆ ಏರಿದಾಗ ತಹಶೀಲ್ದಾರರು ರಜಾ ಹಾಕಿ ಹೆಂಡತಿ ಮಕ್ಕಳ ಸಮೇತ ಬೆಂಗಳೂರಿಗೆ ಹೊರಟರು. ಮಾವನ ಮನೆಯಲ್ಲಿ ನಾಯಿಗಳಿದ್ದುದರಿಂದ ಇಲಿಗಳು ಹೋಗುವಂತಿರಲಿಲ್ಲ. ಹೊರಡುವ ಮುಂಚೆ ಸೂರಪ್ಪನನ್ನು ಕರೆಸಿದರು. ಹೆಡ್ ಗುಮಾಸ್ತೆಯ ಜಾಗ ಸದ್ಯದಲ್ಲೇ ಖಾಲಿಯಾಗುವುದಿತ್ತು; ಅದರ ವಿಷಯವೇ ಇರಬೇಕೆಂದು ಅವನು ಉದ್ದ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ರುಮಾಲು ಸರಿಮಾಡಿಕೊಂಡು, ನಿರಾಕರಿಸಲಾಗದಂಥ ಒಂದೆರಡು ವಿನಯದ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋದ. ತಹಶೀಲ್ದಾರರು ತೆಲುಗು ಬೆರೆತ ತಮ್ಮ ಕನ್ನಡದಲ್ಲಿ ಕೇಳಿದರು: “ಏಮಯ್ಯಾ ಸೂರಪ್ಪಾ, ನೀವು ಕುರುಬರು ಕದಾ?”

“ಹೌದ್ರಿ ಸ್ವಾಮಿ.”

“ಅದೇ ಅಂದ್ಕೊಂಡೆ. ಪ್ರಾಣಿ ಸಾಕೋದು ನಿಮ್ಮವರ ರಕ್ತದಲ್ಲೇ ಉಂಟು. ಬೇರೆ ಗುಮಾಸ್ತೆಗಳ ಕೈಲಿ ಕೊಟ್ಟರೆ ಒಂದು ವಾರ ಉಳಿಯೋಲ್ಲ ಇವು. ಸೆಕೆ ತಡೆಯೋಲ್ಲ. ತಂಪಾಗಿ ಇಡಬೇಕು, ತಿಳೀತಾ? ಬಂದ ಮೇಲೆ ಆ ಹೆಡ್ ಗುಮಾಸ್ತೆ ಮಾತು ನೋಡೋಣ.”

ಒಂದೇ ಉಸಿರಿನಲ್ಲಿ ಎರಡೂ. ಸೂರಪ್ಪ ಬಾಯಿಪಾಠ ಮಾಡಿದ್ದ ವಿನಯದ ವಾಕ್ಯಗಳಲ್ಲಿ ಒಂದು ಇದಕ್ಕೂ ಹೊಂದಿಕೊಂಡಿತು. ಅದನ್ನೇ ಹೇಳಿ, ಪಂಜರ ಎತ್ತಿಕೊಂಡು, ಜವಾನ ಓಬಯ್ಯನ ಕೈಗೆ ಕೊಡಲೂ ನಾಚಿಕೆಯಾಗಿ, ಕೋಟು ಹಾಕಿಕೊಂಡೇ ಪೇಟೆಯ ಬೀದಿಯಲ್ಲಿ ಹೊತ್ತು ತಂದಿದ್ದ. ಮರುದಿನ ಕಚೇರಿಯಲ್ಲಿ ಒಬ್ಬ, ಈ ಪ್ರಾಣಿಗೆ ಇಂಗ್ಲಿಷಿನಲ್ಲಿ ‘ಗಿನಿ ಪಿಗ್’ ಅನ್ನುತ್ತಾರೆ, ಹೆಸರಿನಲ್ಲೇ ಹಂದಿ ಇದೆಯೆಂದು ಎಲ್ಲಿಂದಲೋ ತಿಳಿದುಕೊಂಡು ಬಂದ. ಆಮೇಲೆ ಕೇಳುವುದೇ ಬೇಡ. “ಏನ್ರಿ ಸೂರಪ್ಪಾರ, ಮನ್ಯಾಗ ಹಂದಿ ಆರಾಮ ಅದಾವೇನ್ರಿ?” ದಿನಾ ಒಬ್ಬನಲ್ಲ ಒಬ್ಬ ಕೇಳುತ್ತಿದ್ದ. ಕೇಳಿದವರೆಲ್ಲ, ತಹಶೀಲ್ದಾರರು ತಮ್ಮನ್ನು ಕರೆದಿದ್ದರೆ ಪಂಜರವನ್ನು ತಲೆಯ ಮೇಲಿಟ್ಟುಕೊಂಡು ಕುಣಿಯುತ್ತ ಬರುತ್ತಿದ್ದವರೇ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಸಮಾಧಾನವೇನೂ ಆಗಲಿಲ್ಲ. ಅವರನ್ನು ಹೀಯಾಳಿಸುವಾಗಲೆಲ್ಲ ತಾನೂ ಅದೇ ಸಾಲಿನಲ್ಲಿ, ಅದೂ ಮುಂದಿನ ಸಾಲಿನಲ್ಲಿ, ಪಂಜರ ಹಿಡಿದು ನಿಂತಿರುವುದು ಕಾಣುತ್ತಿತ್ತು.

ರಕ್ತದಲ್ಲೇ ಉಂಟು. ಆ ರಕ್ತವನ್ನು ತೊಳೆದುಕೊಳ್ಳುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಅಪ್ಪ ಬೊಮ್ಮಪ್ಪ, ಡಿ. ಹಿರೇಹಾಳು ಎಂಬ ಊರಿನ ಕಡೆಯ ಬಯಲುಗಳಲ್ಲಿ ಕುರಿ ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ತಿರುಗುತ್ತಿದ್ದವನು. ಬಂದಾಗ ಅವನಿಗಿಂತ ಮುಂಚೆ ಅವನ ವಾಸನೆ ಮನೆ ಹೊಗುತ್ತಿತ್ತು. ಆ ವಾಸನೆ ಸೂರಪ್ಪನ ಅಂಗಿಗೂ ಹತ್ತಿ ಶಾಲೆಗೆ ಬರುತ್ತಿತ್ತು. ಮೇಷ್ಟ್ರು ಒಂದು ದಿನವೂ ಬೈದವರಲ್ಲ; ಮೂಗಿಗೆ ಪಂಚೆಯ ಚುಂಗು ಹಿಡಿದು, “ನೀನು ಕಿಟಕಿ ಹತ್ತಿರ ಕೂಡಪ್ಪಾ, ಗಾಳಿ ಬರತೈತಿ” ಎನ್ನುತ್ತಿದ್ದರು. ಅವರು ಎಷ್ಟು ಮೆತ್ತಗೆ ಹೇಳಿದ್ದರೆಂದರೆ ಇವತ್ತಿಗೂ ಸೂರಪ್ಪ ಯಾವ ಕೋಣೆಗೆ ಹೋದರೂ ಮೊದಲು ಕಿಟಕಿ ಎಲ್ಲಿದೆ ಎಂದು ನೋಡುತ್ತಿದ್ದ. ಸೋಪು, ಹಣೆಗೆ ಗಂಧ, ಕೋಟು, ಇಂಗ್ಲಿಷ್ ಕ್ರಿಯಾಪದ. ಇವೆಲ್ಲವನ್ನೂ ಒಂದರ ಮೇಲೊಂದು ಹೊದ್ದುಕೊಂಡು ಇಲ್ಲಿಯತನಕ ಬಂದರೆ, ತಹಶೀಲ್ದಾರ ಎಂಬ ಆ ದಪ್ಪ ಮೂಗಿನ ಮನುಷ್ಯ ಒಂದೇ ಸಲ ಮೂಸಿ, ಕೆಳಗೆ ಏನಿದೆ ಎಂದು ಹೇಳಿಬಿಟ್ಟಿದ್ದ.

ಅಪ್ಪ ಹೋದ ಮೇಲೆ ಕುರಿ ಮಾರಿ ಅವ್ವನನ್ನು ರಾಯದುರ್ಗಕ್ಕೆ ಕರೆತಂದಿದ್ದ. ಅವ್ವ ಮೈಲಾರಮ್ಮ ಈ ಊರಿನ ಮನೆಯಲ್ಲಿ ಮೊದಲ ಬೇಸಿಗೆಯಲ್ಲೇ ತನ್ನ ಜಾಗ ಕಂಡುಕೊಂಡಳು: ಅಡಿಗೆಮನೆಯ ಹಿಂದೆ, ಹರವಿಗಳನ್ನು ಸಾಲಾಗಿ ಇಟ್ಟಿದ್ದ ಮೂಲೆ. ಬಿಸಿಲು ಅಲ್ಲಿಗೆ ಯಾವ ದಿಕ್ಕಿನಿಂದಲೂ ತಲುಪುತ್ತಿರಲಿಲ್ಲ. ಹರವಿಗಳ ಮೈಯಿಂದ ಜಿನುಗಿದ ನೀರು ಕೆಳಗಿನ ಮರಳಿಗೆ ಇಳಿದು ನೆಲ ಯಾವಾಗಲೂ ತಣ್ಣಗಿರುತ್ತಿತ್ತು. ಊಟವಾದ ಮೇಲೆ ಅವ್ವ ಅಲ್ಲಿ ಸೆರಗು ಹಾಸಿ ಹರವಿಗೆ ಬೆನ್ನು ತಾಗಿಸಿ ಮಲಗಿದರೆ ಹೊತ್ತು ಇಳಿಯುವವರೆಗೆ ಏಳುತ್ತಿರಲಿಲ್ಲ. ಅವಳಿಗೆ ಸೆಕೆಯೆಂದರೆ ಎದೆ ಕಟ್ಟುತ್ತಿತ್ತು. ಎರಡು ವರ್ಷದ ಹಿಂದೆ ಒಮ್ಮೆ ಬಾಗಿಲ ಮುಂದೆಯೇ ತಲೆ ಸುತ್ತಿ ಬಿದ್ದಿದ್ದಳು. ಇಲಿಗಳು ಬಂದ ಸಂಜೆ ಸೂರಪ್ಪ ಪಂಜರದಿಂದ ಅವನ್ನು ಮರದ ಪೆಟ್ಟಿಗೆಗೆ ಬಿಟ್ಟು, ಪೆಟ್ಟಿಗೆ ಹಿಡಿದು ಮನೆಯೆಲ್ಲ ತಿರುಗಿದ. ಪಡಸಾಲೆಯಲ್ಲಿ ಮಾಳಿಗೆಯ ಕಾವು. ಹಿತ್ತಿಲಲ್ಲಿ ಬೆಕ್ಕು. ಅಡಿಗೆಮನೆಯಲ್ಲಿ ಒಲೆ. ಎಲ್ಲಿ ಇಡಬೇಕೆಂಬುದು ಅವನಿಗೆ ಮೊದಲೇ ಗೊತ್ತಿತ್ತು. ತಿರುಗಿದ್ದು ಸುಮ್ಮನೆ, ಹುಡುಕಿದೆ ಎಂದು ಆಮೇಲೆ ಹೇಳಿಕೊಳ್ಳಲಿಕ್ಕೆ.

ಅವ್ವ ಬಾಗಿ ಪೆಟ್ಟಿಗೆಯೊಳಗೆ ನೋಡಿದಳು. “ಏನವು?”

“ಸೀಮೆ ಇಲಿ.”

“ಹಾಲು ಕೊಡ್ತಾವೇನು?”

“ಇಲ್ಲ.”

“ಕಂಬಳಿಗೆ ಉಣ್ಣಿ?”

“ಇಲ್ಲವ್ವಾ.”

“ತಿಂತಾರೇನು ಮತ್ತ?”

“ತಿನ್ನಂಗಿಲ್ಲ.”

“ಮತ್ಯಾಕ ಅದಾವ?”

“ನೋಡಾಕ,” ಎಂದ ಸೂರಪ್ಪ.

“ನೋಡಾಕ,” ಎಂದು ಅವ್ವ ತಾನೂ ಒಮ್ಮೆ ಅಂದು, ಮತ್ತಷ್ಟು ಹೊತ್ತು ನೋಡಿದಳು, ನೋಡುವುದಕ್ಕಾದರೂ ಏನಾದರೂ ಇದೆಯೋ ಎಂಬಂತೆ. ಆಮೇಲೆ ತನ್ನ ಹಾಸಿಗೆಯ ಚಿಂದಿ, ಎಲೆಯಡಿಕೆಯ ಚೀಲ ಎತ್ತಿಕೊಂಡು ಪಡಸಾಲೆಗೆ ಹೋದಳು. ಅವನು ಹೋಗೆಂದು ಹೇಳಿರಲಿಲ್ಲ. ಹೇಳಲಿಲ್ಲ ಎಂಬುದನ್ನು ಎಷ್ಟೋ ದಿನ ತನ್ನ ಪರವಾದ ಸಾಕ್ಷಿಯಂತೆ ಜೋಪಾನ ಮಾಡಿಕೊಂಡಿದ್ದ.

ಹೆಂಡತಿ ದುರುಗಕ್ಕ ಮಾತ್ರ ಸುಮ್ಮನಿರುವವಳಲ್ಲ. “ನಿಮ್ಮ ಸಾಹೇಬ್ರ ಇಲಿಗೆ ಅರಿವಿ ತೋಯ್ಸಾಕ ನಾ ಭಾವಿಯಿಂದ ನೀರು ಹೊರಬೇಕೇನ್ರಿ? ನಾ ಬಸುರಿದ್ದಾಗ ಈ ಮನ್ಯಾಗ ಇಷ್ಟು ಆರೈಕಿ ಯಾರೂ ಮಾಡ್ಲಿಲ್ಲ,” ಎಂದು ಕೊಡ ಕುಕ್ಕಿದಳು. ಆದರೂ ಹೊತ್ತಳು. ಬೇಸಿಗೆಗೆ ಭಾವಿ ತಳ ಕಂಡಿತ್ತು. ಹಗ್ಗಕ್ಕೆ ಹಗ್ಗ ಕಟ್ಟಿ ಸೇದಬೇಕಾಗಿತ್ತು. ಅವಳ ಅಂಗೈಯ ಬೊಬ್ಬೆಗಳನ್ನು ಸೂರಪ್ಪ ಊಟ ಬಡಿಸುವಾಗ ಕಂಡಿದ್ದ. ಕಂಡು, ಹೆಡ್ ಗುಮಾಸ್ತೆಯಾದರೆ ನೀರಿಗೊಂದು ಆಳು ಇಟ್ಟುಕೊಳ್ಳಬಹುದು ಎಂದುಕೊಂಡು ಅನ್ನ ಕಲಸಿದ್ದ. ಎಲ್ಲ ಬೊಬ್ಬೆಗೂ ಒಂದೇ ಮುಲಾಮು. ಸಂತೆಯಲ್ಲಿ ಎಳೆ ಸೌತೆಕಾಯಿ ಆರಿಸುವಾಗ ತರಕಾರಿಯವಳು “ಮಕ್ಕಳಿಗೇನ್ರಿ?” ಎಂದರೆ “ಹೌದ್ರಿ” ಎನ್ನುತ್ತಿದ್ದ. ಕುಂಬಾರನ ಹತ್ತಿರ ಒಡಕು ಗಡಿಗೆ ಬೇಡಿ ತಂದು, ಅವು ಒಳಗೆ ತೂರಿ ಮಲಗಲೆಂದು ಪೆಟ್ಟಿಗೆಯಲ್ಲಿ ಅಡ್ಡ ಹಾಕಿದ್ದ. ತಳಕ್ಕೆ ತಣ್ಣನೆಯ ಕಲ್ಲು ಚಪ್ಪಡಿ. ಬಟ್ಟೆಯ ನೀರು ಅವುಗಳ ಮೈಮೇಲೆ ತೊಟ್ಟಿಕ್ಕಬಾರದೆಂದು ನಡುವೆ ಬಿದಿರ ಕಡ್ಡಿಗಳು. ಇದನ್ನೆಲ್ಲ ಮಾಡುವಾಗ ಅವನ ಬೆರಳುಗಳಿಗೆ ಒಂದು ಥರದ ಜಾಣ್ಮೆ ಬರುತ್ತಿತ್ತು. ಅದು ಎಲ್ಲಿಂದ ಬಂತೆಂದು ಗೊತ್ತಾಗಿ, ಇಲಿಗಳ ಮೇಲೆ ಇನ್ನಷ್ಟು ಹೇಸಿಗೆಯಾಗುತ್ತಿತ್ತು. ಅವು ಅವನನ್ನು ಕಂಡರೆ ಕೀಚಲು ದನಿಯಲ್ಲಿ ಕೂಗಲು ಕಲಿತವು. ಅವನನ್ನು ಕಂಡು ಸಂತೋಷಪಡುವ ಜೀವಗಳು ಭೂಮಿಯ ಮೇಲೆ ಅವೆರಡೇ ಎಂದು ದುರುಗಕ್ಕ ಹೇಳಿದಳು.

ಕ್ರಿಯಾಪದ ಸಿಗಲಿಲ್ಲ. ಸೂರಪ್ಪ ಲೇಖನಿ ಇಟ್ಟು ಎದ್ದ. ಓಬಯ್ಯನಿಗೆ, “ಹೊಟ್ಟಿ ಸರಿ ಇಲ್ಲ, ಮನಿಗೆ ಹೋಗಿ ಬರ್ತೀನಿ,” ಎಂದ. “ಬಟ್ಟಿ ಒಣಗಿರಬೇಕ್ರಿ,” ಎಂದ ಓಬಯ್ಯ ಮುಖದಲ್ಲಿ ಏನನ್ನೂ ತೋರಿಸದೆ. ಬೀದಿಯಲ್ಲಿ ನಾಯಿಗಳೂ ಇರಲಿಲ್ಲ. ಬೆಟ್ಟದ ಬಂಡೆಗಳ ಮೇಲೆ ಬಿಸಿಲು ನೀರಿನಂತೆ ನಡುಗುತ್ತಿತ್ತು. ಚಪ್ಪಲಿಯ ತೊಗಲಿನ ಮೂಲಕ ನೆಲ ಸುಡುತ್ತಿತ್ತು. ಕೋಟಿನೊಳಗೆ ಬೆವರು ಬೆನ್ನ ಹುರಿಯ ಗುಂಟ ಇಳಿದು ಸೊಂಟದಲ್ಲಿ ನಿಲ್ಲುತ್ತಿತ್ತು. ಒಂದು ಸತ್ತರೆ? ಒಂದು ಸತ್ತರೆ ಇನ್ನೊಂದೂ ಸತ್ತಂತೆಯೇ. ತಹಶೀಲ್ದಾರನ ಮಗಳು ಅಳುತ್ತಾಳೆ, ತಹಶೀಲ್ದಾರ ಅಳುವ ಮಗಳನ್ನು ನೋಡುತ್ತಾನೆ, ಆಮೇಲೆ ಇವನನ್ನು ನೋಡುತ್ತಾನೆ. ‘ನಿಮ್ಮವರ ಕೈಲೂ ಆಗಲಿಲ್ಲವಾ?’ ಅಪ್ಪನ ಹಿಂಡಿನಲ್ಲಿ ಒಂದು ಬೇಸಿಗೆ ರೋಗ ಬಿದ್ದು ಮರಿಗಳು ಉದುರಿದಾಗ ಅಪ್ಪ ಒಂದೊಂದನ್ನೂ ಎತ್ತಿ ಹೂಳಿ ಬಂದು, ಕೈ ತೊಳೆದು, ರೊಟ್ಟಿ ಮುರಿದು ತಿಂದಿದ್ದ. ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ ಅವನಿಗೆ. ಸೂರಪ್ಪ ಹೆಚ್ಚು ಕಡಿಮೆ ಓಡುತ್ತಿದ್ದ. ಓದಿದವನು ಬಿಸಿಲಲ್ಲಿ ಓಡುವುದನ್ನು ಕಿಟಕಿಗಳ ಸಂದಿನಿಂದ ಯಾರಾದರೂ ನೋಡುತ್ತಿರಬಹುದು ಎನ್ನಿಸಿದಾಗಲೆಲ್ಲ ನಡೆದ. ಆಮೇಲೆ ಮತ್ತೆ ಓಡಿದ.

ಬಾಗಿಲು ಮುಂದೆ ಮಾಡಿತ್ತು. ದುರುಗಕ್ಕ ಕೊಡ ತೆಗೆದುಕೊಂಡು ಹೋಗಿದ್ದಳು. ಪಡಸಾಲೆಯಲ್ಲಿ ಅವ್ವನ ಚಿಂದಿ ಹಾಸಿಗೆ ಖಾಲಿ ಬಿದ್ದಿತ್ತು. ಮಾಳಿಗೆಯಿಂದ ಇಳಿಯುತ್ತಿದ್ದ ಕಾವು ಅದರ ಮೇಲೆ ಮಲಗಿತ್ತು. ಹೊರಗಿನ ಬೆಳಕಿಗೆ ಕುರುಡಾದ ಕಣ್ಣಿನಲ್ಲೇ ಅವನು ಗೋಡೆ ತಡವುತ್ತ ಹರವಿಗಳ ಮೂಲೆಗೆ ಹೋದ. ಮೊದಲು ಕಂಡದ್ದು ಪೆಟ್ಟಿಗೆ. ಅದರ ಮೇಲೆ ಬಟ್ಟೆ ಇರಲಿಲ್ಲ. ಒಳಗೆ ಅವೆರಡೂ ಗಡಿಗೆಯಿಂದ ಹೊರಗೆ ಬಂದು, ಕಲ್ಲಿನ ಮೇಲೆ ಪಕ್ಕಕ್ಕೆ ಚೆಲ್ಲಿಕೊಂಡು, ಬಾಯಿ ತುಸುವೇ ತೆರೆದು, ಹೊಟ್ಟೆಯ ಪಕ್ಕೆಗಳನ್ನು ಪಟಪಟನೆ ಬಡಿಯುತ್ತಿದ್ದವು. ಅವನನ್ನು ಕಂಡು ಕೂಗಲಿಲ್ಲ. ಬಟ್ಟೆ ಎಲ್ಲಿ? ಬಟ್ಟೆ ಅಲ್ಲೇ ಇತ್ತು, ಪೆಟ್ಟಿಗೆಯ ಮಗ್ಗುಲಲ್ಲಿ, ನೆಲದ ಮೇಲೆ, ಯಾವುದರ ಮೇಲೋ ಹಾಸಿತ್ತು. ಕೈ ಹೋಯಿತು. ಸರಕ್ಕನೆ ಎಳೆದ. ಹರವಿಯಲ್ಲಿ ಅದ್ದಿದ, ಹಿಂಡಿದ, ಕಡ್ಡಿಗಳ ಮೇಲೆ ಬಿಗಿದು ಹೊದಿಸಿದ, ಒಂದು ಮೂಲೆ ಎತ್ತಿ ಒಳಗೆ ಗಾಳಿ ಬೀಸಿದ, ಬಗ್ಗಿ ನೋಡಿದ. ಬೀಸುತ್ತ ಬೀಸುತ್ತ ಅವುಗಳ ಪಕ್ಕೆ ನಿಧಾನವಾಯಿತು. ಒಂದು ತಲೆಯೆತ್ತಿ ಗಡಿಗೆಯ ಕಡೆಗೆ ತೆವಳಿತು. ಇನ್ನೊಂದು ಅದರ ಹಿಂದೆ. ಸೂರಪ್ಪ ಮಂಡಿಯ ಮೇಲೆ ಕೂತು ‘ಉಳಿದವು’ ಎಂದು ಗಟ್ಟಿಯಾಗಿಯೇ ಅಂದ. ಆಗ ಅವನ ಹಣೆಯ ಬೆವರು ಒರೆಸಿಕೊಳ್ಳಲು ಪುರುಸೊತ್ತಾಯಿತು. ಆಗ ಅವನಿಗೆ ತಾನು ಬಟ್ಟೆಯನ್ನು ಯಾವುದರ ಮೇಲಿನಿಂದ ಎಳೆದೆ ಎಂಬುದು ಕಂಡಿತು.

ಅವ್ವ ಅಂಗಾತ ಮಲಗಿದ್ದಳು. ನರೆಗೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು. ಬಟ್ಟೆ ಅವಳ ತಲೆ, ಕಣ್ಣು, ಕೊರಳನ್ನೆಲ್ಲ ಮುಚ್ಚಿತ್ತೆಂಬುದು ಚರ್ಮದ ಮೇಲಿನ ತೇವದಿಂದ ತಿಳಿಯುತ್ತಿತ್ತು. ಎಳೆದ ರಭಸಕ್ಕೆ ಕಿವಿಯ ಓಲೆ ಸಿಕ್ಕಿ ಹಾಲೆಯ ಹತ್ತಿರ ಕೆಂಪಾಗಿತ್ತು. ಅವಳು ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ತೆರೆದೇ ಇದ್ದವು, ಮಾಳಿಗೆಯ ಜಂತಿಗಳನ್ನು ನೋಡುತ್ತಿದ್ದವು. ಎಷ್ಟು ಹೊತ್ತಿನಿಂದ ತೆರೆದಿದ್ದವೋ. ಅವನು ಅದ್ದಿದ್ದನ್ನು, ಹಿಂಡಿದ್ದನ್ನು, ಬೀಸಿದ್ದನ್ನು, ‘ಉಳಿದವು’ ಅಂದದ್ದನ್ನು ಎಲ್ಲ ಅವಳು ಅಲ್ಲೇ ಒಂದು ಮೊಳದ ದೂರದಲ್ಲಿ ಮಲಗಿ ಕೇಳಿಸಿಕೊಂಡಿದ್ದಳು.

“ಹೊದಿಸಿದ್ಯಾ?” ಎಂದಳು.

“ಹೂಂ.”

“ಚಲೋ ಆತು.”

ಅವಳ ದನಿಯಲ್ಲಿ ಚುಚ್ಚು ಇದೆಯೇ ಎಂದು ಸೂರಪ್ಪ ಹುಡುಕಿದ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ‘ನಿನಗೇನು ಗೊತ್ತು ನನ್ನ ಕಷ್ಟ’ ಎಂದು ಕೂಗಾಡಬಹುದಿತ್ತು. ಅವ್ವ ಹರವಿಯ ಕಂಠ ಹಿಡಿದು ಎದ್ದಳು, ಗೋಡೆಗೆ ಕೈ ಊರಿ ಒಂದು ಗಳಿಗೆ ನಿಂತಳು, ಎದೆ ತಿಕ್ಕಿಕೊಂಡಳು, ಪಡಸಾಲೆಯ ಕಡೆಗೆ ನಡೆದಳು. ‘ಅವ್ವಾ, ನೋಡಲಿಲ್ಲ,’ ಎನ್ನಬಹುದು. ಸುಳ್ಳು, ಕೈ ನೋಡಿತ್ತು. ಬಟ್ಟೆಯ ಕೆಳಗಿನ ದುಂಡನೆಯ ತಲೆ ಕೈಗೆ ಗೊತ್ತಾಗಿತ್ತು, ಗೊತ್ತಾಗಿಯೂ ಎಳೆದಿತ್ತು. ‘ಅವ್ವಾ, ನೀನು ಇಲ್ಲೇ ಮಲಗು, ಇನ್ನೊಂದು ಬಟ್ಟೆ ತೋಯಿಸಿ ಕೊಡುತ್ತೇನೆ,’ ಎನ್ನಬಹುದು. ಇದು ಎಷ್ಟು ಸುಲಭದ ಮಾತೆಂದರೆ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ಹೆದರಿಕೆಯಾಗಿ ಅದನ್ನು ಆಡಲಾಗಲಿಲ್ಲ. ಮನೆಯಲ್ಲಿ ಹಳೆಯ ಧೋತರಗಳಿಗೆ ಬರವಿರಲಿಲ್ಲ. ಹರವಿಯಲ್ಲಿ ನೀರೂ ಇತ್ತು. ಕೊನೆಗೆ ಅವನ ಬಾಯಿಂದ ಬಂದದ್ದು, “ನೀರು ಕುಡೀತೀಯೇನವ್ವಾ?”

“ಕುಡದೀನಪ್ಪಾ,” ಎಂದಳು ಪಡಸಾಲೆಯಿಂದ.

ಅವನು ಕಚೇರಿಗೆ ವಾಪಸು ಹೋದ. ಹೋಗಿ ಕೂತ ಕೂಡಲೇ ಕ್ರಿಯಾಪದ ಸಿಕ್ಕಿತು. ಒಳ್ಳೆಯದೇ ಸಿಕ್ಕಿತು. ವರದಿಯನ್ನು ಒಂದು ಚಿತ್ತಿಲ್ಲದೆ ಸಂಜೆಯೊಳಗೆ ಮುಗಿಸಿದ. ಇಷ್ಟು ಅಚ್ಚುಕಟ್ಟಾಗಿ ತಾನು ಯಾವತ್ತೂ ಬರೆದಿಲ್ಲ ಎಂದು ಅವನಿಗೇ ಅನ್ನಿಸಿತು. ಮನುಷ್ಯ ಎಂಥ ಪ್ರಾಣಿ ಎಂದು ಆಶ್ಚರ್ಯಪಡಬೇಕೆಂದುಕೊಂಡ. ಆದರೆ ಆಶ್ಚರ್ಯವೇನೂ ಆಗಲಿಲ್ಲ.

ಅಂದಿನ ರೊಟ್ಟಿಯ ಹೊತ್ತಿಗೆ ಅವ್ವ ದುರುಗಕ್ಕನ ಹತ್ತಿರ ಎಂದಿನಂತೆ ಮಾತಾಡಿದಳು. ಮಧ್ಯಾಹ್ನದ ಸುದ್ದಿ ಎತ್ತಲಿಲ್ಲ. ಮರುದಿನ ಸೂರಪ್ಪ ಕಚೇರಿಗೆ ಹೊರಡುವ ಮುಂಚೆ ಪೆಟ್ಟಿಗೆಯನ್ನು ಸ್ವಲ್ಪ ಆಚೆ ಸರಿಸಿ, ಮೂಲೆ ಗುಡಿಸಿ, ಅವಳ ಚಿಂದಿಯನ್ನು ತಾನೇ ತಂದು ಹಾಸಿ, ಪಕ್ಕದಲ್ಲಿ ಇನ್ನೊಂದು ಧೋತರ ತೋಯಿಸಿ ಹಿಂಡಿ ಇಟ್ಟ. ಸಂಜೆ ಬಂದಾಗ ಧೋತರ ಇಟ್ಟ ಮಡಿಕೆಯಲ್ಲೇ ಕಡ್ಡಿಯಂತೆ ಒಣಗಿತ್ತು. “ಯಾಕವ್ವಾ, ಅಲ್ಲಿ ಮಲಗಲಿಲ್ಲ?” ಎಂದು ಕೇಳಿದ. “ಪಡಸಾಲಿಯೇ ಚಲೋ ಅನಿಸ್ತೈತಪ್ಪಾ,” ಎಂದಳು, ಬೆವರಿನಿಂದ ಕುಪ್ಪಸ ಬೆನ್ನಿಗಂಟಿ. ಆಮೇಲಿನ ದಿನಗಳಲ್ಲಿ ಅವನು ಅವಳ ಮೇಲೆ ಸಿಟ್ಟಾಗತೊಡಗಿದ. ಬೇಕೆಂದೇ ಮಾಡುತ್ತಿದ್ದಾಳೆ. ಬೆವರು ತೋರಿಸಿ ಕೊಲ್ಲುತ್ತಿದ್ದಾಳೆ. ಬಾಯಿಬಿಟ್ಟು ಬೈದರೆ ಮುಗಿದುಹೋಗುವುದನ್ನು ಬೆಳೆಸುತ್ತಿದ್ದಾಳೆ. ಹೀಗೆಲ್ಲ ಯೋಚಿಸುತ್ತ ಇಲಿಗಳಿಗೆ ಸೌತೆಕಾಯಿ ಹೆಚ್ಚುತ್ತಿದ್ದ. ಒಂದು ದಿನ ಅವ್ವ, “ನಾಗಿ ಮನಿಗೆ ಹೋಗ್ತೀನಿ. ಮಡಕಶಿರಾದಾಗ ಇಷ್ಟು ಸೆಕಿ ಇರಂಗಿಲ್ಲಂತ,” ಎಂದಳು. ನಾಗಕ್ಕ ಅವನ ತಂಗಿ; ಮಡಕಶಿರಾದ ಪಕ್ಕದ ಹಳ್ಳಿಗೆ ಕೊಟ್ಟಿದ್ದರು. ಅವ್ವ ಆ ಮನೆಗೆ ಬಾಣಂತನಕ್ಕೆ ಬಿಟ್ಟು ಮತ್ತೆ ಹೋದವಳೇ ಅಲ್ಲ. ಮಗಳ ಮನೆಯಲ್ಲಿ ಕೂತು ಉಣ್ಣುವುದು ಅವಳಿಗೆ ಸಾವಿಗಿಂತ ಕಡೆ. ಸೂರಪ್ಪ ಬೇಡ ಎನ್ನಬೇಕಾಗಿತ್ತು. “ಯಾವಾಗ?” ಎಂದ. ಕಲ್ಯಾಣದುರ್ಗದ ಮೇಲೆ ಹೋಗುವ ಮೋಟಾರು ಬಸ್ಸಿನಲ್ಲಿ ಹತ್ತಿಸುವಾಗ, ಅವಳು ಗಂಟು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ, “ಅವು ಹುಷಾರಪ್ಪಾ,” ಎಂದಳು. ಅವು ಎಂದರೆ ಯಾವುವು ಎಂದು ಅವನು ಕೇಳಲಿಲ್ಲ. ಮೋಟಾರು ಹೋದ ಮೇಲೆ ದುರುಗಕ್ಕ, “ಅತ್ತಿ ಯಾಕ ಹೋದ್ರು, ನಿಮಗ ಗೊತ್ತೈತಿ,” ಎಂದಳು. ಅವಳಿಗೇನೂ ಗೊತ್ತಿರಲಿಲ್ಲ. ಗಂಡನಿಗೆ ಗೊತ್ತಿರುತ್ತದೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ತಹಶೀಲ್ದಾರರು ಮೊದಲ ಮಳೆಯ ವಾಸನೆಯ ಹಿಂದೆಯೇ ಬಂದರು, ಬೆಂಗಳೂರಿನ ತಂಪಿನಲ್ಲಿ ಇನ್ನಷ್ಟು ದುಂಡಗಾಗಿ. ಸೂರಪ್ಪ ಇಲಿಗಳನ್ನು ಒಪ್ಪಿಸಲು ಹೋದಾಗ ಕಚೇರಿಯ ಅರ್ಧ ಜನ ಅಲ್ಲಿದ್ದರು. ತಹಶೀಲ್ದಾರರು ಒಂದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. “ಚೂಡಂಡಿ, ನಾನು ಹೇಳಲಿಲ್ಲವಾ? ತೂಕ ಏರಿದೆ! ಈ ಬಿಸಿಲಲ್ಲಿ! ಇದು ಇವರ ಜನಕ್ಕೇ ಬರೋ ವಿದ್ಯೆ,” ಎಂದರು. ಎಲ್ಲರೂ ನಕ್ಕರು, ಸೂರಪ್ಪನೂ ನಕ್ಕ. ಮಗಳು ಬಂದು ನೋಡಿ, ಬೆಂಗಳೂರಿನಲ್ಲಿ ಅಜ್ಜ ಕೊಡಿಸಿದ ಮಾತಾಡುವ ಗಿಣಿಯ ವಿಷಯ ಹೇಳುತ್ತ ಒಳಗೆ ಹೋದಳು. ಮುಂದಿನ ತಿಂಗಳು ಸೂರಪ್ಪ ಹೆಡ್ ಗುಮಾಸ್ತೆಯ ಕುರ್ಚಿಯಲ್ಲಿ ಕೂತ. ಅದು ಕಿಟಕಿಯ ಪಕ್ಕದಲ್ಲೇ ಇತ್ತು. ‘ಹಂದಿ ಹೆಂಗದಾವ’ ಎಂದು ಕೇಳುತ್ತಿದ್ದವರು ಈಗ ಎದ್ದು ನಿಂತು ನಮಸ್ಕಾರ ಮಾಡಿದರು. ಅವರ ನಮಸ್ಕಾರದ ಯೋಗ್ಯತೆ ಏನೆಂದು ಚೆನ್ನಾಗಿ ಬಲ್ಲ ಸೂರಪ್ಪ ಅದನ್ನು ತಪ್ಪದೆ ತೆಗೆದುಕೊಂಡ. ನೀರಿಗೆ ಆಳೂ ಬಂತು.

ಆಮೇಲೊಂದು ಭಾನುವಾರ ಅವ್ವನನ್ನು ಕರೆತರಲು ಹೊರಟ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿದ. ಮಡಕಶಿರಾದಿಂದ ಹಳ್ಳಿಗೆ ಗಾಡಿಯಲ್ಲಿ ಹೋಗುವಾಗ ಎರಡೂ ಕಡೆ ಹದವಾದ ಕೆಂಪು ಹೊಲಗಳು, ತಂಪು ಗಾಳಿ; ಈ ಗಾಳಿಯಲ್ಲಿ ಕ್ಷಮೆ ಕೇಳುವುದು ಸುಲಭವೆನ್ನಿಸಿತು. ಹೇಳಿಬಿಡುವುದು. ಅವ್ವಾ, ತಪ್ಪಾಯಿತು. ಎರಡೇ ಪದ, ಇಂಗ್ಲಿಷಿನದಂಥ ಕಷ್ಟವೇನಿಲ್ಲ. ನಾಗಕ್ಕನ ಮನೆಯ ಅಂಗಳಕ್ಕೆ ಬಂದಾಗ ಒಳಗಿನಿಂದ ಹೆಂಗಸರ ನಗು ಕೇಳಿಸಿತು. ಬಿತ್ತನೆಗೆಂದು ಕಡಲೆಕಾಯಿ ರಾಶಿ ಹಾಕಿಕೊಂಡು, ನೆರೆಹೊರೆಯವರೆಲ್ಲ ಸುತ್ತ ಕೂತು ಸುಲಿಯುತ್ತಿದ್ದರು. ನಡುವೆ ಅವ್ವ. ಮುಖ ತುಂಬಿಕೊಂಡಿತ್ತು. ಕೈ ಸುಲಿಯುತ್ತಿತ್ತು, ಬಾಯಿ ಕಥೆ ಹೇಳುತ್ತಿತ್ತು.

“…ನಾ ಅಲ್ಲೇ ಮಲಗೀನಿ, ತಲಿ ಮ್ಯಾಲ ಅರಿವಿ ಹಾಕ್ಕೊಂಡು. ಧಡಧಡ ಬಂದ ನೋಡು ನನ್ನ ಮಗ. ಸರಕ್ಕನ ಎಳದ! ಹೊದಿಸಿದ ಆ ಇಲಿಗೆ! ಗಾಳಿ ಬ್ಯಾರೆ ಬೀಸ್ತಾನ! ಅವ್ವ ಸತ್ತಾಳೋ ಬದುಕ್ಯಾಳೋ ನೋಡಲಿಲ್ಲ!”

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಾಗಿ ಬಾಗಿ ನಕ್ಕರು. ಅವ್ವ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. ಈ ಕಥೆಯನ್ನು ಅವಳು ಮೊದಲ ಸಲ ಹೇಳುತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು ಎಂಬುದೆಲ್ಲ ಪಳಗಿತ್ತು. ಬಾಗಿಲಲ್ಲಿ ನಿಂತವನನ್ನು ಮೊದಲು ಕಂಡವಳು ನಾಗಕ್ಕನ ಅತ್ತೆ ನರಸಮ್ಮ. “ಅಯ್ಯೋ, ಇಲಿ ಸಾಕ್ದೋರೇ ಬಂದ್ರಲ್ಲಮ್ಮೋ! ಬಾರಪ್ಪ ಸೂರಪ್ಪ, ಕೂತ್ಕ. ನಿಮ್ಮವ್ವ ಯೋಳೋದು ದಿಟವೇನಪ್ಪಾ? ಇಲಿಗೆ ಒದ್ದೆ ಬಟ್ಟೆ ವೊದ್ಸಿದ್ದೆ ಅಂತಾಳಲ್ಲ?”

ಎಲ್ಲ ಮುಖಗಳೂ ಅವನ ಕಡೆ ತಿರುಗಿದವು. ತಂಗಿ ನಾಗಕ್ಕ ಒಬ್ಬಳೇ ತಲೆಯೆತ್ತದೆ ಸುಲಿಯುತ್ತಿದ್ದಳು. ಜೋಡಿಸಿಕೊಂಡು ಬಂದ ಎರಡು ಪದಗಳಿಗೆ ಅಲ್ಲಿ ಕೂರಲು ಜಾಗವಿರಲಿಲ್ಲ. ಅವ್ವನ ಮುಖ ನೋಡಿದ. ಅಲ್ಲಿ ಸಿಟ್ಟಿಲ್ಲ, ನೋವಿಲ್ಲ, ನಗು ಮಾತ್ರ, ಹಾಗಾದರೆ ಎಲ್ಲ ಮುಗಿದಿದೆ ಎಂದು ಅವನಿಗೆ ಒಮ್ಮೆಲೇ ಹಗುರವಾಯಿತು. ಇಷ್ಟೇನೇ! ತಾನು ತಿಂಗಳುಗಟ್ಟಲೆ ಹೊತ್ತದ್ದನ್ನು ಇವಳು ಕಡಲೆಸಿಪ್ಪೆಯಂತೆ ಊದಿಬಿಟ್ಟಿದ್ದಾಳೆ. ಅವನು ಕೋಟು ಬಿಚ್ಚಿ ರಾಶಿಯ ಪಕ್ಕ ಕೂತ. “ದಿಟವೇ,” ಎಂದ. “ಅವು ಹೆಂಗ ಇದ್ದವು ಗೊತ್ತೇನ್ರಿ?” ಎಂದು ಕೆನ್ನೆ ಉಬ್ಬಿಸಿ, ಪಕ್ಕೆಗೆ ಮೊಣಕೈ ಬಡಿದು, ಬಾಯಿ ತುಸು ತೆರೆದು ಏದುಸಿರು ಬಿಟ್ಟು ತೋರಿಸಿದ. ಹೆಂಗಸರು ಹುಚ್ಚೆದ್ದು ನಕ್ಕರು. ಹೆಡ್ ಗುಮಾಸ್ತೆ ಇಷ್ಟು ಚೆನ್ನಾಗಿ ಆಡಿ ತೋರಿಸುತ್ತಾನೆಂದು ಯಾರಿಗೆ ಗೊತ್ತಿತ್ತು? ಅವನಿಗೂ ಗೊತ್ತಿರಲಿಲ್ಲ. ನಗು ಅವನನ್ನು ಏರಿಸಿಕೊಂಡು ಹೋಯಿತು. ತಹಶೀಲ್ದಾರನ ಮೂಗು, ಅವನ ತೆಲುಗು, ಬೀದಿಯಲ್ಲಿ ತಾನು ಓಡಿದ್ದು, ಎಲ್ಲವನ್ನೂ ಮಾಡಿ ತೋರಿಸಿದ. “ಒಳಗ ಬಂದೆ. ನೋಡ್ತೀನಿ, ಪೆಟ್ಟಿಗಿ ಮ್ಯಾಲ ಅರಿವಿ ಇಲ್ಲ! ಎಲ್ಲೈತಿ? ಅವ್ವನ ತಲಿ ಮ್ಯಾಲ! ಬಿಡ್ತೀನೇನು? ಹಿಂಗ…” ಎಂದು ಕೈಯನ್ನು ಸರಕ್ಕನೆ ಅವ್ವನ ತಲೆಯ ಕಡೆ ಚಾಚಿದ.

ಅವ್ವ ತಟ್ಟನೆ ಹಿಂದಕ್ಕೆ ಸರಿದು, ಮಡಿಲಿನ ಕಾಯಿಗಳೆಲ್ಲ ಚೆಲ್ಲುವಂತೆ, ಎರಡೂ ಕೈಯಿಂದ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಳು.

ಅದೂ ಆಟದ್ದೇ ಎಂದುಕೊಂಡು ಹೆಂಗಸರು ಇನ್ನೂ ಜೋರಾಗಿ ನಕ್ಕರು. ನರಸಮ್ಮನ ಕಣ್ಣಲ್ಲಿ ನೀರು ಬಂತು. ಅವ್ವನ ಮುಖದಲ್ಲೂ ನಗು ಇತ್ತು, ಅದನ್ನು ತೆಗೆಯಲು ಅವಳಿಗೆ ಸಮಯ ಸಿಕ್ಕಿರಲಿಲ್ಲ. ಆದರೆ ಕೈಗಳು ಸೆರಗನ್ನು ಬಿಡಲಿಲ್ಲ. ಸೂರಪ್ಪನ ಕೈ ಗಾಳಿಯಲ್ಲೇ ಉಳಿಯಿತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ರಾಶಿಯಿಂದ ಒಂದು ಕಡಲೆಕಾಯಿ ತೆಗೆದುಕೊಂಡು ಸುಲಿಯತೊಡಗಿದ.